ಒಂದು ಪೋರ್ಟಿನ ವಾರ್ಷಿಕ ಬೇಡಿಕೆ

ಹತ್ತು ಸಾವಿರ ಬೋಲ್ಟು ಬೇಕೆಂದರೆ ಅರ್ಧ ದಿನದಲ್ಲಿ ತರಿಸಿಕೊಡಬಲ್ಲೆ. ಒಂದೇ ಒಂದು ಬೇಕೆಂದರೆ ನನ್ನ ಕೈಯಲ್ಲಿ ಆಗುವುದಿಲ್ಲ. ಪೀಣ್ಯದ ಪಂಪು ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ಕೂತು ಕೂತೇ ತಲೆ ಬೆಳ್ಳಗಾದವಳು ನಾನು. ಈ ಸತ್ಯ ತಿಳಿದದ್ದು ಮಾತ್ರ ನಮ್ಮಣ್ಣನ ಹಳೇ ವಿಡಿಯೋ ಗೇಮಿಗೆ ಪೋರ್ಟು ಹುಡುಕಲು ಹೊರಟಾಗ.

ಪೋರ್ಟು ಅಂದರೆ ರಿಮೋಟಿನ ವೈರು ಸಿಕ್ಕಿಸುವ ಬಾಯಿ, ಅಷ್ಟೇ. ನಮ್ಮ ಪೆಟ್ಟಿಗೆಗೆ ಅಂಥ ಬಾಯಿ ಎರಡು. ಮೊದಲನೆಯದು ಅಣ್ಣನದು, ಮೊದಲು ಹುಟ್ಟಿದವನ ಹಕ್ಕು. ಎರಡನೆಯದು ನನ್ನದು, ಮುರಿದದ್ದೂ ಅದೇ. ಸೋತಾಗಲೆಲ್ಲ ನಾನು ವೈರು ಕಿತ್ತೆಸೆದು ಎದ್ದು ಹೋಗುತ್ತಿದ್ದೆನಂತೆ. ಮನೆಮಂದಿಯೆಲ್ಲ ಅದನ್ನೇ ಹೇಳುವುದರಿಂದ ನಿಜವಿದ್ದರೂ ಇರಬಹುದು.

ಹೋದ ವರ್ಷ ಅಣ್ಣನಿಗೆ ಲಕ್ವ ಹೊಡೆಯಿತು. ಮಾತು, ನಡಿಗೆ ಬೇಗ ಮರಳಿದವು; ಬಲಗೈ ಮಾತ್ರ ಮುನಿಸಿಕೊಂಡು ಕೂತಿತು. ಕಾಫಿ ಲೋಟ ಹಿಡಿದರೆ ಜಾರುತ್ತಿತ್ತು. ಬೆರಳಿಗೆ ಕೆಲಸ ಕೊಡಿ ಅಂದರು ಡಾಕ್ಟರು. ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ಅಣ್ಣ ಮಂಚದ ಕೆಳಗೆ ಉರುಳಿಸಿಬಿಟ್ಟ. ಜಾಲಹಳ್ಳಿಯ ಮನೆಯಲ್ಲಿ ದಿನವಿಡೀ ಕಿಟಕಿ ನೋಡುತ್ತ ಕೂರುವ ಅವನನ್ನು ಕಂಡು ನನಗೆ ಭಯವಾಯಿತು. ಅಟ್ಟದಿಂದ ವಿಡಿಯೋ ಗೇಮ್ ಇಳಿಸಿದೆ. ಅವನ ಕಣ್ಣು ಅರಳಿತು, ಆದರೆ ರಿಮೋಟು ಮುಟ್ಟಲಿಲ್ಲ.

"ಒಬ್ಬನೇ ಏನ್ ಆಡ್ಲಿ? ನೀನೂ ಕೂತ್ಕೊಳೇ. ನಿನ್ನ ಸೋಲಿಸ್ದೆ ಅದೆಂಥಾ ಆಟ?"

ಲಗ್ಗೆರೆಯ ಟಿವಿ ರಿಪೇರಿಯವರು ಪೆಟ್ಟಿಗೆ ಬಿಚ್ಚಿ ನೋಡಿ, "ಹಾಕ್ಕೊಡ್ತೀನಿ ಅಕ್ಕ, ಪೀಸ್ ನೀವೇ ತರ್ಬೇಕು," ಅಂದರು. ಅಂಗಡಿಯಲ್ಲಿ ಸಿಗುವ ಪೋರ್ಟಿಗೆ ಎರಡು ಕಡೆ ಸ್ಕ್ರೂ ಕೂರಿಸುವ ಕಿವಿ ಇರುತ್ತದೆ. ಅದು ಅಡ್ಡ ಬಂದು ನಮ್ಮ ರಿಮೋಟು ಒಳಗೇ ಹೋಗದು. ಕಿವಿಯಿಲ್ಲದ್ದು ಬೇಕು. ಆನ್‌ಲೈನಿನಲ್ಲಿ ಚಿತ್ರವಿತ್ತು, ಸ್ಟಾಕ್ ಇರಲಿಲ್ಲ. ಗುಜರಿಯವರು ಮೂಟೆಯ ಲೆಕ್ಕದಲ್ಲಾದರೆ ಕೊಡುತ್ತೇವೆಂದರು.

ನಮ್ಮಜ್ಜಿ ರಾಗಿ ಅಳೆಯುವಾಗ ಮೊದಲ ಸೇರಿಗೆ "ಒಂದು" ಅನ್ನುತ್ತಿರಲಿಲ್ಲ, "ಲಾಭ" ಅನ್ನುತ್ತಿದ್ದಳು. ಎಣಿಕೆ ಏನಿದ್ದರೂ ಆಮೇಲೆ, ಎರಡರಿಂದ. ಮದುವೆಮನೆಯ ಮುಯ್ಯಿಗೂ ನೂರರ ಮೇಲೊಂದು ಇಟ್ಟರೇ ಶುಭ. ಅಷ್ಟು ಮರ್ಯಾದೆಯ ಒಂದಕ್ಕೆ ಪೀಣ್ಯದ ಗೇಟು ದಾಟಿದರೆ ಮೂರು ಕಾಸಿನ ಬೆಲೆಯಿಲ್ಲ. ಆ ಗೇಟಿನೊಳಗೆ ಕೂತು ಅದನ್ನು ಕಡೆಗಣಿಸಿದವರಲ್ಲಿ ನಾನೂ ಒಬ್ಬಳು ಅನ್ನಿ.

ಕೊನೆಗೆ ಇಂಥದ್ದೇ ಪೋರ್ಟು ಮಾಡುವ ಕಾರ್ಖಾನೆ ನಮ್ಮ ಆಫೀಸಿನ ಹಿಂದಿನ ರಸ್ತೆಯಲ್ಲೇ ಇರುವುದು ತಿಳಿಯಿತು. ಫೋನ್ ಮಾಡಿದೆ. ಇಲ್ಲೇ ನನ್ನ ಕಸುಬು ಕೈಕೊಟ್ಟಿತು. ಅಭ್ಯಾಸಬಲದಿಂದ ರೇಟು ಇಳಿಸಲು ಕೂತೆ, ಸಾಲದ ಗಡುವು ಕೇಳಿದೆ, ಸ್ಯಾಂಪಲ್ ನೋಡದೆ ಆರ್ಡರ್ ಇಲ್ಲವೆಂದು ಗದರಿಸಿದೆ. ಎಷ್ಟು ಬೇಕೆಂದು ಹೇಳುವುದನ್ನೇ ಮರೆತೆ. ಮಾರನೆಯ ದಿನ ಬಸವರಾಜ ಎಂಬ ಸೇಲ್ಸಿನವರು ಗರಿಗರಿ ಇಸ್ತ್ರಿಯ ಅಂಗಿ ತೊಟ್ಟು, ಸ್ಯಾಂಪಲ್ ಹಿಡಿದು ನಮ್ಮ ಆಫೀಸಿಗೇ ಬಂದುಬಿಟ್ಟರು.

"ಮೇಡಂ, ವರ್ಷಕ್ಕ ಎಷ್ಟ್ ಬೇಕಾಗ್ತಾವ್ರಿ?"

ಹತ್ತು ಸಾವಿರ ಅಂದು ಸ್ಯಾಂಪಲ್ ಇಟ್ಟುಕೊಳ್ಳಬಹುದಿತ್ತು. ನಮ್ಮ ವ್ಯವಹಾರದಲ್ಲಿ ಅದು ನಡೆದುಬಂದ ಪದ್ಧತಿಯೇ. ಯಾಕೋ ಬಾಯಿ ಬರಲಿಲ್ಲ.

"ಒಂದು," ಅಂದೆ. ಅಣ್ಣನ ಕೈಯ ಕಥೆಯನ್ನೂ ಹೇಳಿದೆ.

ಅವರು ಬ್ಯಾಗಿನ ಜಿಪ್ ಎಳೆಯುತ್ತಿದ್ದವರು ನಿಲ್ಲಿಸಿ ನನ್ನ ಮುಖ ನೋಡಿದರು. ಆಮೇಲೆ ಜೋರಾಗಿ ನಕ್ಕು, ಸ್ಯಾಂಪಲ್ಲನ್ನು ಮೇಜಿನ ಮೇಲಿಟ್ಟರು. "ಪಾಸಾದ್ರ ತಿಳಸ್ರಿ ಮೇಡಂ. ಅಣ್ಣಾರು ಗೆದ್ರೂ ತಿಳಸ್ರಿ."

ಲಗ್ಗೆರೆಯವರು ಪೋರ್ಟು ಕೂರಿಸಿಕೊಟ್ಟರು. ಸಂಜೆ ಕಾಫಿಯಾದ ಮೇಲೆ ಅಣ್ಣ, ನಾನು ಆಟಕ್ಕೆ ಕೂರತೊಡಗಿದೆವು. ಮೊದಮೊದಲು ಅವನ ಹೆಬ್ಬೆರಳು ಗುಂಡಿ ಹುಡುಕುವಷ್ಟರಲ್ಲಿ ಅವನ ಗೊಂಬೆ ಹಳ್ಳಕ್ಕೆ ಬಿದ್ದಿರುತ್ತಿತ್ತು. ಪಾಪ ಅನ್ನಿಸಿ ನಾನು ಬೇಕೆಂದೇ ಸೋಲುತ್ತಿದ್ದೆ. ಅದು ಗೊತ್ತಾಗಿ ಚೆನ್ನಾಗಿ ಬೈದ. ಹಾಗಿದ್ದರೆ ಸರಿ ಎಂದು ಮೊನ್ನೆ ಭಾನುವಾರ ಮುಲಾಜಿಲ್ಲದೆ ಸೋಲಿಸಿದೆ, ಮತ್ತೆ ಮತ್ತೆ ಸೋಲಿಸಿದೆ.

"ಮೋಸ ಮಾಡ್ತೀಯೇನೇ!" ಎಂದು ಅಣ್ಣ ಬಗ್ಗಿ ನನ್ನ ವೈರು ಹಿಡಿದು ಎಳೆದ ರಭಸಕ್ಕೆ ಪೋರ್ಟು ಬುಡಸಮೇತ ಕಿತ್ತುಬಂತು. ಎಳೆದದ್ದು ಬಲಗೈಯಲ್ಲಿ. ಇಬ್ಬರೂ ಆ ಕೈಯನ್ನೇ ನೋಡಿದೆವು. ವೈರು ಇನ್ನೂ ಮುಷ್ಟಿಯಲ್ಲಿತ್ತು, ಜಾರಿರಲಿಲ್ಲ. ನನಗೆ ಅಳು ಬಂತು, ಅಣ್ಣನಿಗೆ ನಗು.

ಬಸವರಾಜರಿಗೆ ಫೋನ್ ಮಾಡಿ, ಸ್ಯಾಂಪಲ್ ಪಾಸಾಯಿತು, ನಮ್ಮ ವಾರ್ಷಿಕ ಬೇಡಿಕೆ ಏರಿದೆ ಎಂದೆ. ಎಷ್ಟಕ್ಕೆ ಎಂದು ಕೇಳಿದರು. ಅಜ್ಜಿ ಅಳೆದಂತೆಯೇ ಅಳೆದು ಹೇಳಿದೆ:

"ಮೊದಲ್ನೇದು ಲಾಭ. ಈಗ ಎರಡು."