ವಾಪಸ್ ಬಂದ ಜರ್ಸಿಗಳು

೨೦೦೯ರಲ್ಲಿ, ಅಮೆರಿಕದ ಟ್ರಾಯ್ ಊರಿನ ಕನ್ನಡಿಗರ ಬ್ಯಾಸ್ಕೆಟ್‌ಬಾಲ್ ತಂಡದ ಹೊಸ ಪಟ್ಟಿ ಬರೆಯಲು ಕೂತ ಶೌಕತ್‌ಗೆ ಕೈಯೇ ಓಡಲಿಲ್ಲ. ಒಂಬತ್ತು ವರ್ಷದಿಂದ ಅವನೇ ನಾಯಕ. ಹೋದ ವರ್ಷದ ಪಟ್ಟಿಯಲ್ಲಿ ಹತ್ತು ಹೆಸರುಗಳಿದ್ದವು. ಕಾರಿನ ಬಿಡಿಭಾಗದ ಕಂಪನಿಗಳು ಬಾಗಿಲು ಹಾಕಿದ ಹಾಗೆಲ್ಲ ಎಂಟು ಜನ ಊರು ಬಿಟ್ಟಿದ್ದರು. ಬಿಡುವವರು ಜರ್ಸಿಯನ್ನು ಒಗೆದು, ಮಡಿಸಿ ನಾಯಕನ ಮನೆಗೆ ತಂದುಕೊಡುವುದು ತಂಡದ ಪದ್ಧತಿ. ದರಿದ್ರ ಪದ್ಧತಿ! ಎಂಟು ಜರ್ಸಿಗಳು ಸೋಫಾ ಹಿಡಿದು ಕೂತಿದ್ದವು, ಮನುಷ್ಯರಿಗೆ ಜಾಗವಿಲ್ಲ.

ತನ್ನ ಹೆಸರು ಬರೆದು, ಕೆಳಗೆ ಕೇಶವನ ಹೆಸರು ಬರೆಯುವಷ್ಟರಲ್ಲಿ ಬೆಲ್ ಆಯಿತು. ಬಾಗಿಲಲ್ಲಿ ಕೇಶವನೇ, ಕೈಯಲ್ಲಿ ಮಡಿಸಿದ ಜರ್ಸಿ.

“ಬೇರೆ ರಾಜ್ಯದಲ್ಲಿ, ಲೈಲ್‌ ಅನ್ನೋ ಊರಲ್ಲಿ ಕೆಲಸ ಸಿಕ್ತು ಕಣೋ. ಸಾರಿ.”

ಬೆಳಿಗ್ಗೆ ಆಫೀಸಿನಲ್ಲಿ ಕೊಟ್ಟ ಪತ್ರವನ್ನು ಶೌಕತ್ ಜೇಬಿನಿಂದ ತೆಗೆದು ತೋರಿಸಿದ.

“ನನ್ನನ್ನೂ ತೆಗೆದ್ರು. ನನ್ನ ಜರ್ಸೀನ ಯಾರ ಮನೆಗೆ ಹೋಗಿ ಕೊಡ್ಲೋ?”