ಕೆಂಪು ಎಣ್ಣೆಯ ಮೇಲೆ ಒಂದು ಸಂಶಯ

ನಿಂತ ಗಾಡಿಯ ಕೆಳಗೆ ಎಣ್ಣೆಯ ಕಲೆ ಬಿದ್ದಿರುವುದನ್ನು ನೀವೂ ನೋಡಿರಬಹುದು. ಕಲೆ ಕಪ್ಪಾಗಿದ್ದರೆ ನಾನು ಮುಂದೆ ನಡೆಯುತ್ತೇನೆ. ಕೆಂಪಾಗಿದ್ದರೆ ನಿಲ್ಲುತ್ತೇನೆ, ಸೊಲ್ಲಾಪುರದ ನಮ್ಮ ಕಾಕಾ ನೆನಪಾಗುತ್ತಾರೆ.

ಕಾಕಾರದು ತಲೆಮಾರುಗಳಿಂದ ಬಂದ ಎಣ್ಣೆಯ ವ್ಯಾಪಾರ. ಅಂಗೈಗೆ ಒಂದು ಹನಿ ಹಚ್ಚಿ, ತಿಕ್ಕಿ, ಮೂಸಿ, ಕುಸುಬಿ ಎಣ್ಣೆಗೆ ಯಾರು ಏನು ಬೆರೆಸಿದ್ದಾರೆಂದು ಅವರು ಕೊಡುವ ತೀರ್ಪಿಗೆ ಪೇಟೆಯಲ್ಲಿ ಮೇಲ್ಮನವಿ ಇರಲಿಲ್ಲ. ಎಪ್ಪತ್ತರ ದಶಕದಲ್ಲಿ ಅವರು ಮುಂಬಯಿಯಿಂದ ಅಮೆರಿಕದ ಹಳೆಯ ಗಾಡಿಯೊಂದನ್ನು ತಂದರು. ಅದಕ್ಕೆ ಕ್ಲಚ್ ಇಲ್ಲ, ಗೇರು ತಾನೇ ಬದಲಾಗುತ್ತದೆ. ಯಜಮಾನರ ಅಪ್ಪಣೆಯಿಲ್ಲದೆ ಹುಲ್ಲುಕಡ್ಡಿಯೂ ಅಲುಗದ ಆ ಮನೆಯಲ್ಲಿ ಅಂಥ ಸ್ವತಂತ್ರ ಪ್ರಜೆ ಅದೊಂದೇ.

ಆಗ ಅಕ್ಕಲಕೋಟದಲ್ಲಿ ನಮ್ಮ ಅಜ್ಜಿಯ, ಅಂದರೆ ಕಾಕಾರ ತಾಯಿಯ, ತಂಗಿ ಹಾಸಿಗೆ ಹಿಡಿದಿದ್ದರು. ಮೊಣಕಾಲು ಮಡಚಲಾಗದ ಅಜ್ಜಿಗೆ ಬಸ್ಸಿನ ಮೆಟ್ಟಿಲೆಂದರೆ ಪರ್ವತಾರೋಹಣ. ಕಾಲು ಚಾಚಿ ಕೂರಬಹುದಾದ ಈ ಗಾಡಿಯಲ್ಲಾದರೂ ಹೋಗಿ, ಜೀವವಿರುವಾಗಲೇ ತಂಗಿಯ ಮುಖ ನೋಡಬೇಕೆಂಬುದು ಅವರ ಹಂಬಲ. ಹೊರಡುವ ಮುನ್ನ ಗೇರಿನ ಪೆಟ್ಟಿಗೆಗೆ ಎಣ್ಣೆ ಬದಲಿಸಬೇಕಾಯಿತು. ಅಂಗಡಿಯವನು ಇಂಥ ಗಾಡಿಗೆಂದೇ ಬರುವ ತೆಳ್ಳನೆಯ ಕೆಂಪು ಎಣ್ಣೆಯನ್ನೂ, ಲಾರಿಗೆ ಹಾಕುವ ಮಂದ ಎಣ್ಣೆಯನ್ನೂ ಮುಂದಿಟ್ಟ. ಕಾಕಾ ಎರಡನ್ನೂ ಅಂಗೈಗೆ ಹಚ್ಚಿದರು.

"ಈ ಕೆಂಪಂದಕ್ಕ ಬಣ್ಣಾ ಹಾಕ್ಯಾರ. ನೀರಿನಂಗ ಹರೀತದ. ಭೇಸಳ ಮಾಲು! ಚಲೋ ಎಣ್ಣಿ ಯಾವುದಂತ ನನಗ ಕಲಸಬ್ಯಾಡ್ರಿ."

ತರ್ಕಶಾಸ್ತ್ರದಲ್ಲಿ ಪದವಿ ಪಡೆದ ನನಗೆ, ಬಣ್ಣವಿದ್ದಲ್ಲಿ ಕಲಬೆರಕೆಯಿದೆ ಎಂಬ ಈ ಅನುಮಾನವು ಹೊಗೆ ಕಂಡಲ್ಲಿ ಬೆಂಕಿಯನ್ನು ಊಹಿಸಿದಷ್ಟೇ ನಿರ್ದುಷ್ಟವಾಗಿ ತೋರಿತು. ಮಂದ ಎಣ್ಣೆಯನ್ನೇ ಹಾಕಿಸಿದೆವು.

ಅಕ್ಕಲಕೋಟ ರಸ್ತೆಯ ಎಂಐಡಿಸಿ ಕಾರ್ಖಾನೆಗಳನ್ನು ದಾಟುವಷ್ಟರಲ್ಲಿ ಗಾಡಿ ಗರ್ಜಿಸತೊಡಗಿತು. ಗರ್ಜನೆ ಏರಿದಷ್ಟೂ ವೇಗ ಇಳಿದು, ನಿಂತೇಬಿಟ್ಟಿತು.

"ಅವ್ವಾ, ನಾ ಭಾರಿ ಮಾಲ ಹಾಕ್ಸಿದ್ನಲ್ಲ!" ಎಂದರು ಕಾಕಾ, ಬೆವರೊರೆಸಿಕೊಳ್ಳುತ್ತ.

"ನಿನ್ನ ಅಂಗೈಗಿ ಚಲೋ ಹತ್ತಿತಪ್ಪಾ. ಕುಡಿಯೂ ಹೊಟ್ಟಿ ಗಾಡೀದಲ್ಲೇನ? ನಡೀರಿ, ನನ್ನ ಬಸ್ಸಿಗಿ ಹತ್ತಸ್ರಿ."

ನಾವಿಬ್ಬರೂ ಎತ್ತಿ ಹತ್ತಿಸಿದೆವು. ಅಜ್ಜಿ ದಾರಿಯುದ್ದಕ್ಕೂ ತುಟಿ ಕಚ್ಚಿ ಕುಳಿತಿದ್ದರು, ನೋಡಿ ಸಂಕಟವಾಯಿತು.

ತಂಗಿಗೆ ಪ್ರೀತಿಯೆಂದು ಅಜ್ಜಿ ಡಬ್ಬಿ ತುಂಬ ಕರಿಗಡಬು ಒಯ್ದಿದ್ದರು, ಅಚ್ಚ ತುಪ್ಪದಲ್ಲಿ ಕರಿದದ್ದು. ಹಾಸಿಗೆಯ ಪಕ್ಕ ಕುಳಿತು ಮುಚ್ಚಳ ತೆರೆದವರು, ತಂಗಿಯ ಮುಖ ನೋಡಿ ಮತ್ತೆ ಮುಚ್ಚಿದರು.

"ಈಕಿಗಿ ಏನು ಇಳೀತದವ್ವಾ?" ಎಂದು ತಂಗಿಯ ಸೊಸೆಯನ್ನು ಕೇಳಿದರು.

"ಗಂಜಿ ತಿಳಿ ಅಷ್ಟ ರೀ."

ಆ ನೀರಿನಂಥ ತಿಳಿಯನ್ನೇ ಅಜ್ಜಿ ಚಮಚೆಯಿಂದ ಕುಡಿಸಿದರು. ತಂಗಿ ಪೂರಾ ಕುಡಿದು, "ಅಕ್ಕಾ, ಬಂದ್ಯಾ?" ಎಂದು ಕೈ ಹಿಡಿದುಕೊಂಡರು. ಕಾಕಾ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಆ ವಾರವೇ ತಂಗಿ ತೀರಿಕೊಂಡರು. ಅಜ್ಜಿ ಅತ್ತರು, ಹಳಹಳಿಸಲಿಲ್ಲ.

ಮುಂದೆ ಗಾಡಿಯ ಎಣ್ಣೆ ಬಸಿಸಿ ಬೇರೆಯದನ್ನು ತುಂಬಿಸಲು ಅದೇ ಅಂಗಡಿಗೆ ಹೋದೆವು. ಅಭ್ಯಾಸದಂತೆ ಅಂಗಡಿಯವನು ಡಬ್ಬಿ ಬಗ್ಗಿಸಿ ಹನಿ ಹಾಕಲು ಬಂದ. ಕಾಕಾ ಕೈ ಚಾಚಲಿಲ್ಲ.

"ಇದಕ್ಕ ಏನು ಇಳೀತದ, ಅದನ್ನ ಕೊಡ್ರಿ," ಎಂದರು.

ನಾನು ಕೆಂಪು ಕಲೆಯ ಮುಂದೆ ನಿಲ್ಲುವುದು ಅದಕ್ಕೇ. ಆದರೆ ಅದನ್ನು ಅಂಗೈಗೆ ಹಚ್ಚಿ ನೋಡುವುದಿಲ್ಲ.