ಗಡಿಯಾರದವನು ದೋಣಿ ಹತ್ತಿದ ದಿನ

ಬಂದರಿನಲ್ಲಿ ನನ್ನದು ಹಗ್ಗ, ಗ್ರೀಸು, ತಾಡಪಾಲಿನ ಅಂಗಡಿ. ಪಕ್ಕದ ಗೂಡಿನಲ್ಲಿ ಗಡಿಯಾರ ರಿಪೇರಿಯವನು. ಕೂದಲೆಳೆಯಂಥ ಸ್ಪ್ರಿಂಗನ್ನು ಕೈ ನಡುಗದೆ ಕೂರಿಸುವ ಈ ಮನುಷ್ಯನಿಗೆ ನೀರೆಂದರೆ ಜೀವಭಯ. ಮಳೆ ನಿಂತ ಹೊಂಡವನ್ನೂ ಬಳಸಿಕೊಂಡೇ ಹೋಗುತ್ತಾನೆ. ಹೆಂಡತಿಯೋ, ಮೀನಿಗೇ ಈಜು ಕಲಿಸುವವಳು. ಈ ಸಂಬಂಧ ಕುದುರಿಸಿದವನು ನನ್ನಂಥ ವ್ಯಾಪಾರಿಯೇ ಇರಬೇಕು. ಎರಡೂ ಕಡೆಗೆ ಅರ್ಧರ್ಧ ಸತ್ಯ ಹೇಳಿದ್ದಾನೆ.

ನಮ್ಮ ದಡದಿಂದ ಎದುರು ದಡಕ್ಕೆ ಹೆಂಗಸೊಬ್ಬಳು ಅತಿ ಬೇಗ ಈಜಿದ್ದು ಹನ್ನೊಂದು ಗಂಟೆಯಲ್ಲಿ. ಆ ದಾಖಲೆ ಮುರಿಯಲು ಈಕೆ ಮೂರು ವರ್ಷ ಮೈ ಪಳಗಿಸಿದಳು. ಪಕ್ಕದಲ್ಲಿ ದೋಣಿ ಹೋಗಬಹುದು, ಕೋಲಿನ ತುದಿಗೆ ಬಾಟಲಿ ಕಟ್ಟಿ ಬಿಸಿ ಸಕ್ಕರೆ ನೀರು ಕೊಡಬಹುದು. ಆದರೆ ದೋಣಿಯವರ ಒಂದು ಬೆರಳು ತಾಗಿದರೂ ದಾಖಲೆ ಹೋಯಿತು. ಕೋಲು ಹಿಡಿಯಲು ಗಂಡನೇ ಬೇಕೆಂದಳು. ಅವನು ನನ್ನಲ್ಲಿ ಹಗ್ಗ ಕೊಂಡು ತನ್ನ ಸೊಂಟವನ್ನು ದೋಣಿಯ ಕಂಬಕ್ಕೆ ಬಿಗಿದುಕೊಂಡ. ಗಂಟು ಹಾಕಿದವನು ನಾನು, ಹಾಗಾಗಿ ನಾನೂ ಹೋಗಬೇಕಾಯಿತು. ಜೊತೆಗೆ ದೋಣಿಯವನು ಮತ್ತು ಈಜು ಸಂಘದ ತೀರ್ಪುಗಾರ.

ಅರ್ಧ ಗಂಟೆಗೊಮ್ಮೆ ಬಾಟಲಿ ಚಾಚುತ್ತ ಇವನು ಬೇಕೆಂದೇ ಏನಾದರೂ ಕೆಣಕುತ್ತಿದ್ದ. ಅವಳು ಒಂದಕ್ಕೆರಡು ತಿರುಗಿಸಿ ಬಯ್ದು ಮುಂದೆ ಈಜುತ್ತಿದ್ದಳು. ಚಳಿ ತಲೆಗೇರಿದರೆ ಮೊದಲು ಆರುವುದು ಕೋಪವಂತೆ. ಬಯ್ಗುಳ ಬಂದಾಗಲೆಲ್ಲ ಇವನ ಮುಖಕ್ಕೆ ರಕ್ತ ಮರಳುತ್ತಿತ್ತು.

ಹತ್ತು ಗಂಟೆ ಕಳೆಯಿತು. ಎದುರು ದಡದ ಬಂಡೆಗಳ ಮೇಲೆ ಜನ ಕಾಣತೊಡಗಿದರು. ಇನ್ನು ಅರ್ಧ ಗಂಟೆಯ ದಾರಿ. ಅವನು ಕೊನೆಯ ಬಾಟಲಿ ಚಾಚಿ ಕೂಗಿದ:

“ನಿಮ್ಮ ಅತ್ತಿಗೆ ನಮ್ಮ ಮೇಲಿನ ಕೋಣೆಗೆ ಬಂದು ಇರ್ತಾಳಂತೆ. ಆಯ್ತು ಅಂದ್ಬಿಟ್ಟೆ ಕಣೇ.”

ಆ ಅತ್ತಿಗೆಯ ಜೊತೆ ಇವಳಿಗೆ ಆರು ವರ್ಷದಿಂದ ಮಾತಿಲ್ಲ. ನಾನು ಕಿವಿ ಮುಚ್ಚಿಕೊಳ್ಳಲು ಸಿದ್ಧನಾದೆ.

“ಬರ್ಲಿ ಬಿಡಿ, ಪಾಪ” ಎಂದು ಅವಳು ಮುಂದೆ ಈಜಿದಳು.

ಅವನ ಕೈಯಿಂದ ಕೋಲು ಜಾರಿತು. ನಿಮಿಷಕ್ಕೆ ಅರವತ್ತು ಸಲ ಕೈ ಬೀಸು, ಬೆಳಗಿನಂತೆಯೇ ಇದೆ, ಹೆದರಬೇಡಿ ಎಂದು ತೀರ್ಪುಗಾರ ಕೈಗಡಿಯಾರ ತೋರಿಸಿದ. ದಡ ಕಾಣ್ತಿದೆ, ಸುಮ್ಮನಿರು ಮಾರಾಯ ಎಂದು ನಾನೂ ಗದರಿದೆ. ಹುಟ್ಟಿದಾಗಿನಿಂದ ಗಡಿಯಾರವನ್ನೇ ನಂಬಿದವನು ಅಂದು ನಂಬಲಿಲ್ಲ.

“ಇದು ನನ್ನ ಹೆಂಡ್ತಿ ಅಲ್ಲ” ಎಂದ. ಹೊಟ್ಟೆಯ ಮೇಲೆ ಮಲಗಿ, ತಲೆ ನೀರಿಗೆ ತಾಗುವಷ್ಟು ಬಾಗಿ, ಅವಳ ಮಣಿಕಟ್ಟು ಹಿಡಿದುಬಿಟ್ಟ.

ತೀರ್ಪುಗಾರ ಪುಸ್ತಕ ಮುಚ್ಚಿದ. ನಾವು ಮೂವರೂ ಸೇರಿ ಅವಳನ್ನು ಎಳೆದುಕೊಂಡೆವು. ತುಟಿ ಶಾಯಿಯಂತೆ ನೀಲಿಗಟ್ಟಿತ್ತು. ಎರಡು ಕಂಬಳಿ ಸುತ್ತಿದರೂ ಒಳಗೆ ಕೈಗಳು ಬೀಸುತ್ತಲೇ ಇದ್ದವು, ಅದೇ ಅರವತ್ತರ ಲೆಕ್ಕದಲ್ಲಿ. ತನ್ನನ್ನು ಅಪ್ಪಿಕೊಂಡಿದ್ದವನ ಮುಖವನ್ನೇ ನೋಡುತ್ತ, “ನಮ್ಮ ಯಜಮಾನರು ಬರ್ಲಿಲ್ವಾ?” ಎಂದು ಕೇಳಿದಳು.

ಬದುಕಿಕೊಂಡಳು. ಊರು ಮಾತ್ರ, ಹೆದರುಪುಕ್ಕಲ ಗಂಡನಿಂದ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ತಿಂಗಳುಗಟ್ಟಲೆ ಆಡಿಕೊಂಡಿತು. ಈ ವರ್ಷ ಮತ್ತೆ ಈಜುತ್ತೇನೆಂದು ಅವಳು ಚಳಿಗೆ ಮೈಗೆ ಬಳಿಯುವ ಗ್ರೀಸು ಕೊಳ್ಳಲು ಬಂದಾಗ, ಈ ಸಲ ಕೋಲಿಗೆ ಗಟ್ಟಿ ಎದೆಯವನನ್ನು ನೋಡಮ್ಮ ಎಂದೆ.

“ಬೇಡಣ್ಣ. ಗಟ್ಟಿ ಎದೆಯವರು ಇನ್ನೊಂದು ನಿಮಿಷ ನೋಡೋಣ ಅಂತಾರೆ” ಎಂದಳು.

ಪಕ್ಕದ ಗೂಡಿನಲ್ಲಿ ಅವನಿಗೆ ಅದು ಕೇಳಿಸಿತು. ಹೊಗಳಿಕೆಯೆಂದು ಹಿಗ್ಗಿದನೆಂದುಕೊಂಡರೆ ತಪ್ಪು. ಮತ್ತೆ ಅದೇ ದೋಣಿ ಎಂದು ತಿಳಿದು, ಕಣ್ಣಿನ ಭೂತಗನ್ನಡಿ ತೆಗೆಯುವುದನ್ನೂ ಮರೆತು ಮೆಟ್ಟಿಲ ಮೇಲೆ ಕುಸಿದು ಕೂತಿದ್ದ.